ಮುಸುವನ ಅರ್ಧ ಪಾಠ

ಇದನ್ನು ಹೇಳಿಬಿಡಬೇಕು ಎಂದು ಮೊದಲ ಸಲ ತೀರ್ಮಾನಿಸಿದಾಗ ನನ್ನ ತಲೆಯಲ್ಲಿ ಕೂದಲಿತ್ತು. ಆಮೇಲೆ ಮುಂದೂಡಿದೆ. ನಿವೃತ್ತಿಯಾಗಲಿ ಎಂದೆ, ಆಯಿತು. ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಎಂದೆ, ಎರಡೂ ಕಣ್ಣಿನದು ಆಯಿತು. ಹೋದ ವರ್ಷ ಆಷಾಢ ಕಳೆಯಲಿ ಎಂದು ಕಾದೆ, ತಪ್ಪೊಪ್ಪಿಕೊಳ್ಳುವುದಕ್ಕೂ ಮುಹೂರ್ತ ಬೇಕೆನ್ನುವ ಹಾಗೆ. ಮಾಡಬೇಕಾದದ್ದು ಇಷ್ಟೇ: ಒಬ್ಬರ ಎದುರು ಕೂತು, ಮುಖ ನೋಡಿ, ತಪ್ಪಾಯಿತು ಎನ್ನಬೇಕು. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಇದು ಅಷ್ಟೇನೂ ಕಷ್ಟದ ಪದವಲ್ಲ.

ನಾನು ಮೈಸೂರಿನ ಒಂದು ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಮೂವತ್ತೊಂದು ವರ್ಷ ಅಟೆಂಡರ್ ಆಗಿದ್ದವನು. ಕಪ್ಪೆಗಳಿಗೆ ಕ್ಲೋರೋಫಾರ್ಮ್ ಕೊಡುವುದು, ಮೇಣದ ಟ್ರೇಗಳನ್ನು ಜೋಡಿಸುವುದು, ಬಾಟಲಿಗಳಲ್ಲಿ ಫಾರ್ಮಲಿನ್ ಇಳಿದರೆ ತುಂಬುವುದು, ಅಸ್ಥಿಪಂಜರದ ಪಕ್ಕೆಲುಬಿನ ಧೂಳು ಒರೆಸುವುದು ನನ್ನ ಕೆಲಸ. ಪ್ರಾಧ್ಯಾಪಕರು ಪಾಠ ಮಾಡುವಾಗ ಸ್ಲೈಡಿನ ಪೆಟ್ಟಿಗೆ ಹಿಡಿದು ಹಿಂದಿನ ಬಾಗಿಲ ಬಳಿ ನಿಂತಿರಬೇಕು. ಹಾಗೆ ನಿಂತು ನಿಂತೇ ನಾನು ವಿದ್ವಾಂಸನಾದೆ. ಒಂದೇ ತೊಡಕು. ಹಿತ್ತಲಿನ ನಲ್ಲಿಯಲ್ಲಿ ಹನ್ನೊಂದು ಗಂಟೆಗೆ ನೀರು ನಿಲ್ಲುತ್ತಿತ್ತು. ಅಷ್ಟರೊಳಗೆ ಹಿಂದಿನ ಬ್ಯಾಚಿನ ಟ್ರೇಗಳನ್ನು ತೊಳೆದಿಡದಿದ್ದರೆ ಮಧ್ಯಾಹ್ನದ ಬ್ಯಾಚಿಗೆ ಇರುತ್ತಿರಲಿಲ್ಲ. ಆದ್ದರಿಂದ ಪಾಠ ಅರ್ಧವಾದ ಕೂಡಲೇ ನಾನು ಟ್ರೇ ಎತ್ತಿಕೊಂಡು ಹೊರಡುತ್ತಿದ್ದೆ. ಹೀಗಾಗಿ ವಿಕಾಸವಾದದ ಮೊದಲರ್ಧ ನನಗೆ ಬಾಯಿಪಾಠ. ಉಳಿದರ್ಧ ಕಪ್ಪೆಯ ಕರುಳಿನ ಜೊತೆ ಚರಂಡಿಗೆ ಹೋಯಿತು.

ಆ ಮೊದಲರ್ಧದಲ್ಲೂ ನನಗೆ ಬೇಕಾದಷ್ಟನ್ನೇ ಆರಿಸಿ ಮನೆಗೆ ಒಯ್ಯುತ್ತಿದ್ದೆ. ಗಂಡು ನವಿಲು ಗರಿ ಬಿಚ್ಚುವುದು ಯಾಕೆ, ಗಂಡಿಗೆ ಬೀಜ ಸಸ್ತಾ ಹೆಣ್ಣಿಗೆ ಬಸಿರು ದುಬಾರಿ, ಅದಕ್ಕೇ ಗಂಡು ಅಲೆಯುತ್ತದೆ, ಹೆಣ್ಣು ಅಳೆದು ತೂಗುತ್ತದೆ: ಇವೆಲ್ಲ ನನಗೆ ಬಹಳ ಹಿಡಿಸಿದ ಪಾಠಗಳು. ಅದೇ ಕಪಾಟಿನಲ್ಲಿ ಕಡಲಕುದುರೆಯ ಬಾಟಲಿ ಇತ್ತು. ಅದರಲ್ಲಿ ಗಂಡೇ ಬಸಿರು ಹೊರುತ್ತದೆ. ದಿನವೂ ಆ ಬಾಟಲಿ ಒರೆಸುತ್ತಿದ್ದೆ, ಒಂದು ದಿನವೂ ಮನೆಯಲ್ಲಿ ಅದರ ಮಾತೆತ್ತಲಿಲ್ಲ. ನಮ್ಮ ಅಜ್ಜಿ ತಮ್ಮ ಸೋದರಮಾವನನ್ನೇ ಮದುವೆಯಾಗಿದ್ದವರು. ಹತ್ತಿರದ ರಕ್ತದಲ್ಲಿ ಕೂಡುವುದನ್ನು ಬಹಳ ಪ್ರಾಣಿಗಳು ತಪ್ಪಿಸಿಕೊಳ್ಳುತ್ತವೆ ಎಂದು ಪ್ರಾಧ್ಯಾಪಕರು ಹೇಳಿದ ದಿನ ನನಗೆ ಕಿವಿ ಮಂದವಾಯಿತು.

ಪಕ್ಕದ ವಿಭಾಗದ ಟೈಪಿಸ್ಟ್ ಒಬ್ಬರ ಜೊತೆ ನಾಲ್ಕಾರು ಸಲ ದೋಸೆ ತಿಂದು, ಎರಡು ಸಲ ಮ್ಯಾಟಿನಿಗೆ ಹೋಗಿ ಸಿಕ್ಕಿಬಿದ್ದಾಗ ಈ ವಿದ್ಯೆ ನನ್ನ ಕೈ ಹಿಡಿಯಿತು.

"ಗಂಡು ಜಾತಿ ಅಂದ್ರೆ ಅಲೆಮಾರಿ ಕಣೇ," ಎಂದೆ ಹೆಂಡತಿಗೆ. "ಅದು ನನ್ನ ತಪ್ಪಲ್ಲ. ಲಕ್ಷಾಂತರ ವರ್ಷದ ಅಭ್ಯಾಸ."

"ಲಕ್ಷಾಂತರ ವರ್ಷ ಹಲ್ಲು ಉಜ್ಜದೇ ಇರೋದೂ ಅಭ್ಯಾಸ ಇತ್ತಲ್ರೀ, ಅದನ್ನ ಹೆಂಗೆ ಬಿಟ್ರಿ?" ಎಂದಳು ಅವಳು, ಸಾರಿಗೆ ಒಗ್ಗರಣೆ ಹಾಕುತ್ತ.

ಅವಳಿಗೆ ಆಮೇಲೆ ಕ್ಷಮೆ ಕೇಳಿದೆ. ದೋಸೆಯ ಮಟ್ಟದ ತಪ್ಪಿಗೆ ಕ್ಷಮೆ ಕೇಳುವುದು ಕಷ್ಟವಿಲ್ಲ. ನಾನು ಹೇಳಬೇಕಾದದ್ದು ಬೇರೆ.

ನನ್ನ ತಂಗಿಯ ಗಂಡ ಜ್ವರ ಬಂದು ತೀರಿಕೊಂಡಾಗ ಅವಳಿಗೆ ಇಪ್ಪತ್ತೆಂಟು ವರ್ಷ. ಮಗಳಿಗೆ ಐದು. ಇಬ್ಬರೂ ನಮ್ಮ ಮನೆಗೆ ಬಂದರು. ನಮ್ಮದು ದೇವರಾಜ ಮೊಹಲ್ಲಾದ ಹಳೆಯ ಮನೆ. ತಾತ ಅರಮನೆಯ ಸೇವೆಯಲ್ಲಿದ್ದವರು ಎಂದು ಮೂರು ತಲೆಮಾರಿನಿಂದ ಹೇಳಿಕೊಂಡು ಬಂದಿದ್ದೇವೆ. ಯಾವ ಸೇವೆ ಎಂದು ಯಾರೂ ಕೇಳದಿದ್ದದ್ದು ನಮ್ಮ ಪುಣ್ಯ. ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಅಮ್ಮ, ನಾನು, ನನ್ನ ಹೆಂಡತಿ. ತಂಗಿ ಬೆಳಿಗ್ಗೆ ಶಿಶುವಿಹಾರದಲ್ಲಿ ಪಾಠ ಹೇಳಿ, ಬಂದು ಅಮ್ಮನ ಮೈ ಒರೆಸಿ, ಸಂಜೆ ಹೊಲಿಗೆ ಕ್ಲಾಸಿಗೆ ಹೋಗುತ್ತಿದ್ದಳು.

ಗಂಡನ ಫೋಟೋಕ್ಕೆ ಕಟ್ಟು ಹಾಕಿಸಲು ಅವಳು ನಮ್ಮ ಬೀದಿಯ ಕೊನೆಯ ಅಂಗಡಿಗೆ ಹೋದಳು. ಕಟ್ಟು ಹಾಕುವವರು ನಲವತ್ತರ ಸಮೀಪದ ಅವಿವಾಹಿತರು. ಕ್ಯಾಥೊಲಿಕ್ ಮನೆತನ, ಭಾನುವಾರ ಅಂಗಡಿ ಮುಚ್ಚಿ ಚರ್ಚಿಗೆ ಹೋಗುವವರು, ಮಾತು ಕಡಿಮೆ. ಮೊದಲ ಕಟ್ಟಿನ ಗಾಜು ಬಿರುಕು ಬಿಟ್ಟಿತ್ತು, ಬದಲಾಯಿಸಿಕೊಟ್ಟರು. ಆಮೇಲೆ ಕಟ್ಟು ಓರೆಯಾಯಿತೆಂದು ಇವಳೇ ಹೋದಳು. ಸತ್ತವರ ಫೋಟೋ ಅಷ್ಟೊಂದು ಸಲ ರಿಪೇರಿಗೆ ಹೋದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ವರ್ಷ ತುಂಬಿದ ಮೇಲೆ ಅವರು ನಮ್ಮ ಮನೆಗೆ ಬಂದು, ಜಗಲಿಯಲ್ಲಿ ಚಪ್ಪಲಿ ಬಿಟ್ಟು, ಅಮ್ಮನ ಹಾಸಿಗೆಯ ಬಳಿ ನಿಂತು ಕೇಳಿದರು. "ಇವರನ್ನ ಮದುವೆ ಆಗ್ಬೇಕು ಅಂತಿದೀನಿ ಅಮ್ಮ. ಮಗೂನೂ ನನ್ನ ಮಗಳ ಥರಾನೇ ನೋಡ್ಕೋತೀನಿ."

ನನಗೆ ಬೇಡವಾಗಿತ್ತು. ಅವರ ಧರ್ಮ ಬೇರೆ ಎನ್ನುವುದು ಒಂದು ಕಾರಣ. ವಿಜ್ಞಾನದ ಮನುಷ್ಯನಾದ ನಾನು ಅದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಇನ್ನೊಂದು ಕಾರಣ ಇನ್ನೂ ಕೊಳಕು. ತಂಗಿ ಹೋದರೆ ಅಮ್ಮನ ಮೈ ಒರೆಸುವವರು ಯಾರು? ನಾನಂತೂ ಅಲ್ಲ. ಕಪ್ಪೆಯ ಹೊಟ್ಟೆಗೆ ಕೈ ಹಾಕುವ ನನಗೆ ಹೆತ್ತವಳ ಬೆನ್ನು ಒರೆಸಲು ಅಸಹ್ಯ. ಆದರೆ ಅಮ್ಮ ಕರಗುತ್ತಿದ್ದರು. "ಒಳ್ಳೇ ಮನುಷ್ಯನ ಥರ ಕಾಣ್ತಾನೆ ಕಣೋ," ಎನ್ನುತ್ತಿದ್ದರು. ಅದೇ ವಾರ ಕಾಲೇಜಿನಲ್ಲಿ ಮುಸುವಗಳ ಪಾಠವಾಯಿತು.

ಸಂಜೆ ಅಮ್ಮನ ಹಾಸಿಗೆಯ ಪಕ್ಕದಲ್ಲೇ ಊಟಕ್ಕೆ ಕೂತಿದ್ದೆವು. ತಂಗಿ ಇನ್ನೂ ಹೊಲಿಗೆ ಕ್ಲಾಸಿನಿಂದ ಬಂದಿರಲಿಲ್ಲ. ಅವಳ ಮಗಳು ನನ್ನ ಪಕ್ಕದಲ್ಲೇ ಕೂತು ಹಪ್ಪಳ ಮುರಿಯುತ್ತಿದ್ದಳು.

"ಅಮ್ಮ, ಮುಸುವ ನೋಡಿದೀರಲ್ಲ, ಕರೀ ಮುಖದ ಕೋತಿ," ಎಂದು ಶುರು ಮಾಡಿದೆ. "ಒಂದು ಗುಂಪಿಗೆ ಒಂದೇ ಗಂಡು ಯಜಮಾನ. ಹೊಸಾ ಗಂಡು ಬಂದು ಅದನ್ನ ಓಡಿಸ್ತು ಅಂತ ಇಟ್ಕೊಳ್ಳಿ. ಮೊದಲು ಏನ್ ಮಾಡತ್ತೆ ಗೊತ್ತಾ? ಹಳೇ ಗಂಡಿನ ಮರಿಗಳನ್ನ ಹುಡುಕಿ ಹುಡುಕಿ ಸಾಯಿಸತ್ತೆ."

"ಅಯ್ಯೋ ರಾಮ! ಯಾಕೋ?"

"ಮರಿ ಹಾಲು ಕುಡೀತಿರೋವರೆಗೂ ತಾಯಿ ಹೊಸಬನ್ನ ಹತ್ರ ಸೇರಿಸಲ್ಲ. ಅದಕ್ಕೆ. ಪ್ರಕೃತಿ ನಿಯಮ ಅಮ್ಮ. ಪುಸ್ತಕದಲ್ಲಿದೆ."

"ಮನುಷ್ಯರೂ ಅಂಗೇನಾ?"

"ಮನುಷ್ಯ ಮತ್ತೆ ಎಲ್ಲಿಂದ ಬಂದ? ನಾಳೆ ಆ ಕಟ್ಟಿನ ಅಂಗಡಿಯೋನು ಈ ಮಗೂನ ಮನೆಗೆ ಕರ್ಕೊಂಡು ಹೋದ ಅಂದ್ಕೊಳ್ಳಿ. ಇದು ಯಾರ ಮಗು? ಅವನದಲ್ಲ. ಆಮೇಲೆ ನೀವೇ ಯೋಚನೆ ಮಾಡಿ."

"ಕೊಂದಾಕ್ಬುಡ್ತಾನಾ?" ಅಮ್ಮ ಎದೆ ಹಿಡಿದುಕೊಂಡರು.

"ಮುಸುವನಿಂದ ಬಂದೋರು ಯಾರು ಅಂತ ಗೊತ್ತಾಗ್ತಾನೇ ಇದೆ, ಬುಡಿ," ಎಂದಳು ನನ್ನ ಹೆಂಡತಿ, ಸಾರಿನ ಸೌಟು ಪಾತ್ರೆಗೆ ಕುಕ್ಕಿ. "ಮಗು ಕೂತಿದೆ ಕಣ್ರೀ. ಸಾಕು ಮಾಡಿ."

"ಮಗೂಗೇನು ಅರ್ಥ ಆಗತ್ತೆ?" ಎಂದೆ.

ಹಪ್ಪಳ ಮುರಿಯುವ ಸದ್ದು ನಿಂತಿತ್ತು. ಅದನ್ನು ಗಮನಿಸಿದೆ. ಗಮನಿಸಲಿಲ್ಲ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದೆ. ಇವತ್ತು ಹಾಗೆ ಬರೆಯಲು ಪೆನ್ನು ಒಪ್ಪುತ್ತಿಲ್ಲ.

ಆಮೇಲೆ ನವರಾತ್ರಿ ಬಂತು. ಬೊಂಬೆ ಕೂರಿಸಿದೆವು. ಮೆಟ್ಟಿಲ ಮೇಲೆ ಪಟ್ಟದ ಬೊಂಬೆಗಳು, ಕೆಳಗೆ ನೆಲದ ಮೇಲೆ ರಾಗಿ ಪೈರು ಬೆಳೆಸಿ ಮಗುವಿನ ಪಾರ್ಕು, ಪಾರ್ಕಿನ ಪಕ್ಕ ಪ್ಲಾಸ್ಟಿಕ್ ಪ್ರಾಣಿಗಳ ಮೃಗಾಲಯ. ಬೊಂಬೆ ನೋಡಲು ಅಕ್ಕಪಕ್ಕದ ಹೆಂಗಸರು, ಮಕ್ಕಳು ಬರುತ್ತಿದ್ದರು. ಅಮ್ಮ ಇನ್ನೂ ಏನೂ ಹೇಳಿರಲಿಲ್ಲವಾದ್ದರಿಂದ ತಂಗಿ ಧೈರ್ಯ ಮಾಡಿ ಕಟ್ಟಿನ ಅಂಗಡಿಯವರನ್ನೂ ಕರೆದಿದ್ದಳು. ಅವರು ಒಂದು ಸಂಜೆ ಬಂದರು. ಕೈಯಲ್ಲಿ ಮಗುವಿಗೆಂದು ತಾವೇ ಮಾಡಿದ ಪುಟ್ಟ ಗಾಜಿನ ಮನೆ, ಹುಲಿಯನ್ನು ಇಡುವುದಕ್ಕೆ. ಅಂಚು ಚುಚ್ಚದಿರಲಿ ಎಂದು ನಾಲ್ಕೂ ಮೂಲೆಗೆ ಬಟ್ಟೆ ಅಂಟಿಸಿದ್ದರು.

ಅವರು ಬಗ್ಗಿ ಅದನ್ನು ಮಗುವಿನ ಮುಂದೆ ಹಿಡಿದರು. ಅವಳು ಕಿರುಚಿದ ಕಿರುಚಿಗೆ ಬೀದಿಯವರು ಬಾಗಿಲಿಗೆ ಬಂದರು. ಓಡಿ ಬೊಂಬೆಯ ಮೆಟ್ಟಿಲ ಹಿಂದೆ ನುಗ್ಗಿದಳು, ಎರಡು ಸಾಲು ಬೊಂಬೆ ಉರುಳಿತು, ಲಂಗ ಒದ್ದೆ ಮಾಡಿಕೊಂಡಳು. ಯಾಕೆ ಎಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ಅವರು ಗಾಜಿನ ಮನೆಯನ್ನು ಹೊಸ್ತಿಲ ಪಕ್ಕ ಇಟ್ಟು ಹಿಂದೆ ಸರಿದು ನಿಂತರು. "ಮಗು ಹೆದರ್ಕೊಂಡಿದೆ. ಇನ್ನೊಂದು ದಿನ ಬರ್ತೀನಿ," ಎಂದರು. ಇನ್ನೊಂದು ದಿನ ಬಂದರು, ಅದೇ ಕಿರುಚು. ಮತ್ತೂ ಒಂದು ದಿನ ಬಂದರು.

ಆಮೇಲೆ ಅವರು ತಂಗಿಗೆ ಹೇಳಿದ್ದನ್ನು ಅವಳು ಅಡುಗೆಮನೆಯಲ್ಲಿ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಳು: "ಮಗು ನನ್ನ ಕಂಡ್ರೆ ಇಷ್ಟು ನಡುಗೋವಾಗ ನಾನು ನಿಮ್ಮ ಕೈ ಹಿಡಿಯೋದು ಪಾಪ ಕಣ್ರೀ. ಅವಳಿಗೆ ಇರೋದು ನೀವೊಬ್ರೇ. ನಾನು ಅಡ್ಡ ಬರಬಾರದು."

ತಾಯಿಯನ್ನು ಪಡೆಯಲು ಹೊಸ ಗಂಡು ಮರಿಯನ್ನು ಕೊಲ್ಲುತ್ತದೆ ಎಂದು ನಾನು ಪಾಠ ಮಾಡಿದ್ದೆ. ಈ ಹೊಸ ಗಂಡು, ಮರಿ ಅಳಬಾರದೆಂದು ತಾಯಿಯನ್ನೇ ಬಿಟ್ಟುಕೊಟ್ಟಿತು. ನಮ್ಮ ವಿಭಾಗದ ಯಾವ ಬಾಟಲಿಯಲ್ಲೂ ಅಂಥ ಪ್ರಾಣಿ ಇರಲಿಲ್ಲ.

ವಿಜಯದಶಮಿಯ ಮರುದಿನ ಬೆಳಿಗ್ಗೆ ನಾನು ಗಡ್ಡ ಹೆರೆಯುತ್ತಿದ್ದಾಗ ಮಗು ಬಂದು ಪಂಚೆ ಜಗ್ಗಿತು.

"ಮಾವ, ಆ ಮುಸುವ ಮತ್ತೆ ಬರತ್ತಾ?"

ಆಗ ಹೇಳಬಹುದಿತ್ತು. ಅವರು ಮುಸುವ ಅಲ್ಲಮ್ಮ, ಒಳ್ಳೆಯ ಮಾಮ, ನಾನು ಸುಳ್ಳು ಹೇಳಿದೆ ಎನ್ನಬಹುದಿತ್ತು.

"ಬರಲ್ಲ ಕಣಮ್ಮ," ಎಂದೆ. "ಮಾವ ಓಡಿಸ್ಬುಟ್ಟಿದ್ದೀನಿ."

ಅವಳು ನನ್ನ ಕಾಲು ತಬ್ಬಿಕೊಂಡಳು. ನಾನು ಸೋಪಿನ ನೊರೆಯ ಮುಖದಲ್ಲಿ ಕನ್ನಡಿ ನೋಡಿ ಹೆಮ್ಮೆಪಟ್ಟೆ.

ಕಾಲೇಜಿನ ಪಾಠಗಳ ಗುಣವೆಂದರೆ ಅವು ಪ್ರತಿ ವರ್ಷ ಮರಳಿ ಬರುತ್ತವೆ. ಮುಂದಿನ ವರ್ಷ ಅದೇ ಮುಸುವನ ಪಾಠದ ದಿನ ಪೈಪು ಒಡೆದು ಬೆಳಿಗ್ಗೆಯಿಂದಲೇ ನೀರಿರಲಿಲ್ಲ. ತೊಳೆಯುವ ಕೆಲಸವಿಲ್ಲದೆ ನಾನು ಕೊನೆಯವರೆಗೂ ಬಾಗಿಲ ಬಳಿ ನಿಂತೆ. ಪ್ರಾಧ್ಯಾಪಕರು ಹೇಳಿದರು: ಇದು ಮುಸುವಗಳಲ್ಲೂ ಎಲ್ಲ ಗುಂಪಿನಲ್ಲೂ ನಡೆಯುವುದಲ್ಲ. ಮನುಷ್ಯ ಮುಸುವನಿಂದ ಬಂದವನೂ ಅಲ್ಲ, ದೂರದ ದಾಯಾದಿ ಅಷ್ಟೆ. ನಾವು ಎದ್ದು ನಿಂತೆವು, ತಲೆ ದೊಡ್ಡದಾಯಿತು, ಮಗು ಏನೂ ಕೈಲಾಗದ ಸ್ಥಿತಿಯಲ್ಲೇ ಹುಟ್ಟತೊಡಗಿತು. ಅದು ತಾನೇ ಹುಡುಕಿ ತಿನ್ನಲು ಎಷ್ಟೋ ವರ್ಷ ಬೇಕು. ಒಬ್ಬಳೇ ತಾಯಿಯಿಂದ ಆಗದ ಕೆಲಸ. ಗಂಡುಹೆಣ್ಣು ಬೆದೆಯ ಕಾಲ ಮುಗಿದ ಮೇಲೂ ಒಬ್ಬರನ್ನೊಬ್ಬರು ಬಯಸಿ ಒಟ್ಟಿಗೇ ಉಳಿಯುವುದಕ್ಕೆ ಇದೂ ಒಂದು ಕಾರಣವಿರಬೇಕು. ಅಜ್ಜಿ, ಚಿಕ್ಕಮ್ಮ, ರಕ್ತಸಂಬಂಧವೇ ಇಲ್ಲದ ಗಂಡಸು, ಇವರೆಲ್ಲ ತುತ್ತು ಕೊಟ್ಟ ಮಕ್ಕಳು ಬದುಕಿದವು. ನಾವೆಲ್ಲ ಆ ಮಕ್ಕಳ ಮಕ್ಕಳು. ಇಂಗ್ಲಿಷಿನಲ್ಲಿ ಹೇಳುತ್ತಿದ್ದವರು ನಡುವೆ ಕನ್ನಡಕ್ಕೆ ಬಂದು, "ನಮ್ಮಲ್ಲಿ ಸೋದರಮಾವ ಇಲ್ಲವೇ, ಹಾಗೆ," ಎಂದರು. ಕೊನೆಗೆ ನಗುತ್ತಾ, "ಮುಸುವನ ಕಥೆ ತಗೊಂಡು ಹೋಗಿ ಪಕ್ಕದ ಮನೆ ಮಲತಂದೆಗೆ ಅಂಟಿಸಬೇಡಿ," ಎಂದರು.

ಹುಡುಗರು ನಕ್ಕರು. ಸೋದರಮಾವ ಸ್ಲೈಡಿನ ಪೆಟ್ಟಿಗೆ ಹಿಡಿದು ನಿಂತಿದ್ದ.

ಆ ಸಂಜೆ ನೇರವಾಗಿ ಕಟ್ಟಿನ ಅಂಗಡಿಗೆ ಹೋದೆ. ಅವರಿನ್ನೂ ಮದುವೆಯಾಗಿರಲಿಲ್ಲ. ನನ್ನ ತಂಗಿಯೂ ದಾರಿ ಬದಲಾಯಿಸಿ ಹಿಂದಿನ ಬೀದಿಯಿಂದಲೇ ಓಡಾಡುತ್ತಿದ್ದಳು. ಎಲ್ಲವೂ ಇನ್ನೂ ಸರಿಹೋಗುವ ಹಾಗಿತ್ತು. ಅವರು ಕೈಯ ಅಂಟು ಒರೆಸಿಕೊಂಡು ಎದ್ದು ನಿಂತರು.

"ಬನ್ನಿ ಸಾರ್. ಮಗು ಹೆಂಗಿದೆ?"

"ಚೆನ್ನಾಗಿದೆ."

"ಈಗ ರಾತ್ರಿ ಸರಿಯಾಗಿ ನಿದ್ದೆ ಮಾಡತ್ತಾ? ಆವಾಗ ಬೆಚ್ಚಿ ಬೀಳ್ತಿತ್ತು ಅಂತ ಕೇಳಿದ್ದೆ."

"ಮಾಡತ್ತೆ."

"ಅಷ್ಟೇ ಸಾಕು ಬುಡಿ," ಎಂದರು.

ನಾನು ಒಂದು ಕ್ಯಾಲೆಂಡರಿನ ಚಿತ್ರಕ್ಕೆ ಕಟ್ಟು ಹಾಕಲು ಎಷ್ಟು ದಿನ ಬೇಕು ಎಂದು ವಿಚಾರಿಸಿ ವಾಪಸು ಬಂದೆ. ನಿಜ ಹೇಳಿದರೆ ಹಿಂದಿನ ವರ್ಷ ಹೇಳಿದ್ದು ಅರ್ಧ ಪಾಠವೆಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ವಿದ್ವಾಂಸರಿಗೆ ಅದು ಪ್ರಾಣಸಂಕಟ. ಎರಡು ವರ್ಷದ ನಂತರ ಅವರು ಅಂಗಡಿ ಮುಚ್ಚಿ ಮಂಗಳೂರಿನ ಅಕ್ಕನ ಮನೆಗೆ ಹೋದರು. ಅಲ್ಲೇ ತೀರಿಕೊಂಡ ಸುದ್ದಿ ಬಹಳ ತಡವಾಗಿ ಬಂತು. ತಂಗಿ ಆ ದಿನ ಊಟ ಮಾಡಲಿಲ್ಲ. ಏಕಾದಶಿ ಎಂದಳು. ಪಂಚಾಂಗದಲ್ಲಿ ಆವತ್ತು ಏಕಾದಶಿ ಇರಲಿಲ್ಲ.

ಆ ಮಗು ಬೆಳೆದು ಜೀವಶಾಸ್ತ್ರ ಓದಿ ಹೈಸ್ಕೂಲಿನಲ್ಲಿ ಮೇಡಂ ಆದಳು. ಇದಕ್ಕೆ ನಾನೇ ಪ್ರೇರಣೆ ಎಂದು ನಾಲ್ಕು ಜನರ ಮುಂದೆ ಹೇಳಿದ್ದೇನೆ, ನಾಚಿಕೆಯಿಲ್ಲದೆ. ಬಂದ ಗಂಡುಗಳನ್ನೆಲ್ಲ ಬೇಡವೆಂದಳು. ತನ್ನ ಅಮ್ಮನ ಜೊತೆ ಗೋಕುಲಂನಲ್ಲಿ ಮನೆ ಮಾಡಿಕೊಂಡು ಕೊನೆಯವರೆಗೂ ನೋಡಿಕೊಂಡಳು. ಯಾಕೆ ಮದುವೆ ಬೇಡ ಎಂದು ನನ್ನ ಹೆಂಡತಿ ಒಮ್ಮೆ ಕೇಳಿದ್ದಳು. "ಅಮ್ಮನ್ನ ಒಂಟಿ ಮಾಡಿದ್ದು ನಾನು ಅತ್ತೆ. ಮತ್ತೆ ನಾನೇ ಬಿಟ್ಟು ಹೋಗ್ಲಾ?" ಎಂದಳಂತೆ. ಹೆಂಡತಿ ಅದನ್ನು ನನಗೆ ಹೇಳಿ, ಗೋಡೆ ನೋಡುತ್ತ, "ಆ ಮಗೂಗೆ ನಿಜ ಹೇಳ್ಬುಡಿ. ನಾನು ಸಾಯೋದ್ರೊಳಗೆ ಹೇಳಿ," ಎಂದಳು. ನಾನು ಹೇಳಲಿಲ್ಲ. ಅವಳು ಸತ್ತಳು.

ತಂಗಿಗೆ ಮಾತ್ರ ಹೇಳಿದೆ. ಎರಡು ವರ್ಷದ ಹಿಂದೆ, ಅವಳು ಆಸ್ಪತ್ರೆಯಲ್ಲಿದ್ದಾಗ. ಊಟದ ಹೊತ್ತಿನ ಮುಸುವನ ಕಥೆಯಿಂದ ಕ್ಯಾಲೆಂಡರಿನ ಚಿತ್ರದವರೆಗೆ ಎಲ್ಲವನ್ನೂ ಹೇಳಿ ಕೈ ಮುಗಿದೆ.

"ಅವರು ಮುಸುವ ಅಂತ ನಂಬಿದ್ಯೇನೋ ಅಣ್ಣಯ್ಯ, ನಿಜವಾಗ್ಲೂ?"

"ಇಲ್ಲ."

"ಅವಳಿಗೆ ಹೇಳಿದ್ಯಾ?"

"ಇನ್ನೂ ಇಲ್ಲ."

"ಮತ್ತೆ ನನ್ನ ಹತ್ರ ಯಾಕೆ ಕೈ ಮುಗೀತೀಯ? ಹೋಗು. ನಾನಂತೂ ಹೇಳಲ್ಲ. ನೀನು ಮಾಡಿದ್ದು, ನೀನೇ ಹೇಳ್ಬೇಕು."

ಆ ವಾರವೇ ತೀರಿಕೊಂಡಳು.

ಈಗ ನಾನು ಹಿನಕಲ್‌ನಲ್ಲಿ ನಮಗೆ ಆಮೇಲೆ ಹುಟ್ಟಿದ ಮಗನ ಜೊತೆಗಿದ್ದೇನೆ. ಪಾರ್ಕಿನ ಬೆಂಚಿನಲ್ಲಿ ನನ್ನ ವಯಸ್ಸಿನವರು ಮೊಬೈಲು ಹಿಡಿದು ವಿಡಿಯೋ ತೋರಿಸುತ್ತಾರೆ. ಗಡ್ಡದ ಹುಡುಗನೊಬ್ಬ ಆಲ್ಫಾ ಗಂಡು, ಗುಹೆ, ಬೇಟೆ, ಹೆಣ್ಣಿನ ಸ್ವಭಾವ ಎಂದು ಅರಚುತ್ತಾನೆ. ಲಕ್ಷಗಟ್ಟಲೆ ಜನ ನೋಡುತ್ತಾರಂತೆ. ನಾನು ಇದೆಲ್ಲವನ್ನೂ ಹಪ್ಪಳದ ಜೊತೆ ಪುಕ್ಕಟೆ ಹೇಳುತ್ತಿದ್ದೆ, ಮೂರೇ ಜನ ಕೇಳಿದ್ದು. ಆದರೆ ಪರಿಣಾಮದಲ್ಲಿ ನನ್ನನ್ನು ಮೀರಿಸುವುದು ಅವನಿಗೆ ಕಷ್ಟ.

ತಂಗಿಯ ಮಗಳು ಪ್ರತಿ ಭಾನುವಾರ ಬರುತ್ತಾಳೆ. ಹೋದ ಭಾನುವಾರ ಗೊಜ್ಜವಲಕ್ಕಿ ಮಾಡಿ ತಂದಿದ್ದಳು. ತಟ್ಟೆಗೆ ಹಾಕುತ್ತ ಶಾಲೆಯ ಸುದ್ದಿ ಹೇಳಿದಳು.

"ಒಂಬತ್ತನೇ ಕ್ಲಾಸ್ ಹುಡುಗ ಮಾವ, ಇಷ್ಟುದ್ದ ಇದಾನೆ. ಎದ್ದು ನಿಂತ್ಕೊಂಡು, ಮೇಡಂ, ಮಲತಂದೆ ಅಂದ್ರೆ ಮಕ್ಕಳನ್ನ ದ್ವೇಷ ಮಾಡೋದು ನೇಚರ್ ಅಂತೆ, ಹೌದಾ ಅಂತ ಕೇಳ್ದ. ಮೊಬೈಲಲ್ಲಿ ನೋಡಿದ್ನಂತೆ. ಆಮೇಲೆ ಗೊತ್ತಾಯ್ತು, ಅವನ ಅಮ್ಮ ಈಗ ತಾನೇ ಇನ್ನೊಂದು ಮದುವೆ ಆಗಿದಾರೆ."

"ನೀನೇನಂದೆ?"

"ಪಕ್ಕ ಕೂರಿಸ್ಕೊಂಡು, ನಿಮ್ಮ ಹೊಸಾ ಅಪ್ಪ ಇವತ್ತು ಬೆಳಿಗ್ಗೆ ಏನ್ ಮಾಡಿದ್ರು ಅಂತ ಕೇಳ್ದೆ. ಡಬ್ಬಿಗೆ ಚಿತ್ರಾನ್ನ ಹಾಕ್ಕೊಟ್ರು ಅಂದ. ಸರಿ, ಯಾವ ಕೋತಿ ಚಿತ್ರಾನ್ನ ಮಾಡಿ ಡಬ್ಬಿ ಕಟ್ಟತ್ತೋ ಹೇಳು ಅಂದೆ. ನಗ್ತಾ ನಗ್ತಾ ಅತ್ತುಬಿಟ್ಟ."

ಅವಳೂ ನಕ್ಕಳು. ಆಮೇಲೆ ನಗು ನಿಲ್ಲಿಸಿ ತಟ್ಟೆಯ ಅಂಚನ್ನು ಒರೆಸುತ್ತ ಕೂತಳು.

"ಆ ಹುಡುಗನಿಗೆ ಕಾರಣ ಆದ್ರೂ ಇತ್ತು. ನಾನು ಆವತ್ತು ಬೊಂಬೆ ಮುಂದೆ ಯಾಕೆ ಹಂಗೆ ಕಿರುಚಿದೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ ಮಾವ. ಎಷ್ಟು ಯೋಚನೆ ಮಾಡಿದ್ರೂ ನೆನಪೇ ಬರಲ್ಲ. ಪಾಪ, ಅವರ ಮುಖ ಮಾತ್ರ ನೆನಪಿದೆ. ನಿಮಗೇನಾದ್ರೂ ಗೊತ್ತಾ?"

ಇಷ್ಟು ವರ್ಷದಲ್ಲಿ ಅವಳು ನನ್ನನ್ನು ನೇರವಾಗಿ ಕೇಳಿದ್ದು ಇದೇ ಮೊದಲು. ಬಾಗಿಲು ಹಾಕಿತ್ತು. ಮಗ, ಸೊಸೆ ಹೊರಗೆ ಹೋಗಿದ್ದರು. ಇದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಕ್ಕುವುದಿಲ್ಲ.

"ತುಂಬಾ ವರ್ಷ ಆಯ್ತಲ್ಲಮ್ಮ," ಎಂದೆ. "ಇನ್ನೊಂಚೂರು ಅವಲಕ್ಕಿ ಹಾಕು."

ಹಾಕಿದಳು. ತಿಂದೆ. ಅವಳು ಹೋದ ಮೇಲೆ ಬರೆಯಲು ಕೂತೆ. ಬಾಯಿಗೆ ಬಾರದ್ದು ಕೈಗಾದರೂ ಬರಲಿ ಎಂದು. ಮುಂದಿನ ಭಾನುವಾರ ಇದನ್ನು ಅವಳ ಕೈಗೆ ಕೊಡುವ ಧೈರ್ಯ ಬರದಿದ್ದರೂ ಅಚ್ಚಾದ ಮೇಲೆ ಓದುತ್ತಾಳೆ. ಆಗ ನನ್ನ ಮನೆಗೆ ಬರುತ್ತಾಳೋ ಇಲ್ಲವೋ, ಅದು ಅವಳಿಗೆ ಬಿಟ್ಟದ್ದು. ಅವಳು ತಿಳಿಯಬೇಕಾದದ್ದು ಇದು: ಕಾರಣ ಇತ್ತು. ಆರು ವರ್ಷದ ಮಗು ತನ್ನನ್ನು ಕೊಲ್ಲಲು ಬಂದವನನ್ನು ಕಂಡು ಕಿರುಚಿತು, ಯಾವ ಮಗುವಾದರೂ ಕಿರುಚುತ್ತಿತ್ತು. ಕೊಲ್ಲಲು ಬಂದಿದ್ದಾನೆ ಎಂದು ಅದರ ಕಿವಿಗೆ ಹಾಕಿದವನು ನಾನು. ನಿನ್ನ ಅಮ್ಮನನ್ನು ಒಂಟಿ ಮಾಡಿದ್ದು ನೀನಲ್ಲ. ನಿನ್ನನ್ನು ಒಂಟಿ ಮಾಡಿದವನೂ ನಾನೇ.

ಹೆಂಡತಿಯಲ್ಲಿ ಕ್ಷಮೆ ಕೇಳಿದ್ದೇನೆ, ತಂಗಿಯಲ್ಲಿ ಕೇಳಿದ್ದೇನೆ. ಕಟ್ಟಿನ ಅಂಗಡಿಯವರ ಸಮಾಧಿ ಎಲ್ಲಿದೆ ಎಂದು ಗೊತ್ತಿಲ್ಲದಿದ್ದರೂ ಅವರಲ್ಲೂ ಮನಸ್ಸಿನಲ್ಲೇ ಕೇಳಿದ್ದೇನೆ, ಸತ್ತವರು ತಿರುಗಿ ಪ್ರಶ್ನೆ ಕೇಳುವುದಿಲ್ಲವಲ್ಲ. ಬದುಕಿರುವ, ಎದುರಿಗೆ ಕೂತು ತುತ್ತು ಬಡಿಸುವ, ನೇರವಾಗಿ ಕೇಳಿದರೂ ನಾನು ಉತ್ತರ ಕೊಡದ ಒಬ್ಬಳಲ್ಲಿ ಮಾತ್ರ ಕೇಳಿಲ್ಲ. ಅವಳು ನನ್ನ ತಂಗಿಯ ಮಗಳು.